ಹಡಗಿನ ಹೆಸರು

ನಮ್ಮ ಊರಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಮರಿಯಾ ಎಂದೇ ಹೆಸರಿಡುತ್ತಾರೆ. ಗಂಡುಮಕ್ಕಳಿಗೆಲ್ಲ ಜೋಸೆಫ. ಸಂತೆಯಲ್ಲಿ ನಿಂತು ಮರಿಯಾ ಎಂದು ಒಮ್ಮೆ ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ. ಸಾವು ಬಾಗಿಲಿಗೆ ಬಂದು ಹೆಸರು ಹಿಡಿದು ಕೇಳಿದರೆ ಗುರುತು ಸಿಗದೆ ತಬ್ಬಿಬ್ಬಾಗಲಿ ಎಂದು ಹಿರಿಯರು ಹೂಡಿದ ಉಪಾಯವಂತೆ. ಆ ಉಪಾಯದಲ್ಲಿ ಸಿಕ್ಕಿಹಾಕಿಕೊಂಡವಳು ನಾನು. ಆದ್ದರಿಂದ ಅದರ ಬಗ್ಗೆ ಮಾತಾಡುವ ಹಕ್ಕು ಬೇರೆಯವರಿಗಿಂತ ನನಗೆ ಹೆಚ್ಚು.

ಮನೆಮನೆಗೂ ಎರಡು ಹೆಸರು. ಒಂದು ಹಡಗಿನ ಹೆಸರು, ಕಡಲಾಚೆಯಿಂದ ಮೊದಲು ಬಂದವರು ತಂದದ್ದು. ಇನ್ನೊಂದು ಕರೆಯುವ ಹೆಸರು. ಮೊದಲು ಬಂದವರು ಸಿಪಾಯಿಗಳು, ಜೊತೆಯ ಸಿಪಾಯಿಗಳು ಅವರಿಗೆ ತಮಾಷೆಗೆ ಇಟ್ಟದ್ದೇ ಮನೆತನಕ್ಕೆ ಅಂಟಿಕೊಂಡಿತು. ಹೂವಿನವರು, ಚಳಿಗಾಲದವರು, ಒಳ್ಳೇ ಊಟದವರು, ಚಿಂತೆಯಿಲ್ಲದವರು. ನಾವು ಗಂಟೆಯವರು. ಇಗರ್ಜಿಯ ಗಂಟೆ ಹೊಡೆಯುವುದು ನನ್ನ ಅಪ್ಪ.

ಬದುಕಿರುವವರನ್ನು ಕರೆಯುವ ಹೆಸರಿನಿಂದ ಮಾತ್ರ ಕರೆಯಬೇಕು. ಹಡಗಿನ ಹೆಸರನ್ನು ಕಿವಿಯಲ್ಲಿ ಪಿಸುಗುಟ್ಟಬಹುದು, ಕೂಗುವಂತಿಲ್ಲ. ಒಬ್ಬೊಬ್ಬರಿಗೆ ಒಂದೇ ಸಲ ಅದನ್ನು ಕೂಗುತ್ತಾರೆ, ಅವರು ಸತ್ತ ಮೇಲೆ. ನಮ್ಮಲ್ಲಿ ಸತ್ತವರು ಕೂಡಲೇ ಹೋಗುವುದಿಲ್ಲ. ಒಲೆಯ ಪಕ್ಕದ ತೂಗುಕುರ್ಚಿಯಲ್ಲಿ ಕೂತಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಕುರ್ಚಿ ತೂಗುತ್ತಿರುತ್ತದೆ, ಅಷ್ಟೆ. ಅವರ ಮುಂದೆ ಒಂದು ಬಟ್ಟಲು ಬಟಾಣಿ ಸಾರು ಇಡುತ್ತೇವೆ, ಅದು ಆರುತ್ತದೆ, ಎತ್ತಿಡುತ್ತೇವೆ. ನದಿ ಹೆಪ್ಪುಗಟ್ಟಿದ ದಿನ ಮನೆಯವರು ದಡದಲ್ಲಿ ನಿಂತು ಆಚೆ ದಡದ ಕಡೆ ಮುಖಮಾಡಿ, ಮರಿಯಾ ಇಂಥವಳೇ, ಜೋಸೆಫ ಇಂಥವನೇ, ಎಂದು ಹಡಗಿನ ಹೆಸರು ಕೂಗುತ್ತಾರೆ. ಮನೆಯೊಳಗೆ ಕುರ್ಚಿ ನಿಲ್ಲುತ್ತದೆ. ಬಾಗಿಲು ತೆರೆದುಕೊಳ್ಳುತ್ತದೆ. ಆಮೇಲೆ ಹೆಪ್ಪಿನ ಮೇಲೆ ನಡೆದುಹೋಗುವವರ ಬೆನ್ನು ಕಾಣುತ್ತದೆ. ಬೆನ್ನು ಮಾತ್ರ. ಕೂಗಲು ಯಾರೂ ಇಲ್ಲದವರ ಕುರ್ಚಿ ತೂಗುತ್ತಲೇ ಇರುತ್ತದೆ. ಅಂಥ ಪಾಳುಮನೆಗಳ ಮುಂದೆ ನಾವು ಬೇಗ ಬೇಗ ನಡೆಯುತ್ತೇವೆ.

ಹೆಂಗಸರ ಮಾತು ಇನ್ನೊಂದಿದೆ. ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೋಗುತ್ತಾಳೆ, ಅವಳ ಹೆಸರು ಹೋಗುವುದಿಲ್ಲ. ಅಪ್ಪನಿಂದ ಬಂದ ಹೆಸರನ್ನೇ ಸಾಯುವವರೆಗೂ ಇಟ್ಟುಕೊಳ್ಳುತ್ತಾಳೆ. ಮೊದಲ ಹಡಗುಗಳಲ್ಲಿ ಬಂದ ಹುಡುಗಿಯರನ್ನು ರಾಜನ ಹೆಣ್ಣುಮಕ್ಕಳು ಎನ್ನುತ್ತಿದ್ದರಂತೆ. ರಾಜನ ಮುಖವನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ, ದಿಕ್ಕಿಲ್ಲದ ಹುಡುಗಿಯರು. ಒಬ್ಬೊಬ್ಬಳಿಗೂ ಒಂದು ಪೆಟ್ಟಿಗೆ, ಅದರಲ್ಲಿ ಬಾಚಣಿಗೆ, ಸೂಜಿ, ದಾರ, ಕತ್ತರಿ. ಅದೆಲ್ಲ ರಾಜ ಕೊಟ್ಟದ್ದು, ಹೆಸರೊಂದೇ ಸ್ವಂತದ್ದು. ಮದುವೆಯ ದಿನ ಪೆಟ್ಟಿಗೆಯನ್ನು ಗಂಡನ ಮನೆಯಲ್ಲಿ ಇಳಿಸಿದರು, ಹೆಸರನ್ನು ಇಳಿಸಲಿಲ್ಲ. ನಾವೂ ಇಳಿಸುವುದಿಲ್ಲ.

ಆ ವರ್ಷ ನದಿ ಬೇಗ ಹೆಪ್ಪುಗಟ್ಟಿತ್ತು. ಸತ್ತವರನ್ನು ಕರೆಯುವ ದಿನ ಕಳೆದು, ಹೋಗಬೇಕಾದವರೆಲ್ಲ ಹೋಗಿ, ಊರು ಹಗುರಾಗಿತ್ತು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅಪ್ಪನ ಅಂಗಿಯ ಒಂದು ತೋಳು ಹಗ್ಗದ ಮೇಲಿತ್ತು, ಇನ್ನೊಂದು ತೋಳು ನನ್ನ ಕೈಯಲ್ಲಿತ್ತು. ಆಗ ಯಾರೋ ಕರೆದರು. ಬಹಳ ದೂರದಿಂದ, ನದಿ ಹರಿದುಹೋಗುವ ದಿಕ್ಕಿನಿಂದ, ಒಬ್ಬ ಹೆಂಗಸಿನ ದನಿ. ಮರಿಯಾ ಎಂದಿತು, ಆಮೇಲೆ ನಮ್ಮ ಮನೆಯ ಹಡಗಿನ ಹೆಸರು ಹೇಳಿತು.

ನಾನೇನು ಯೋಚನೆ ಮಾಡಿದೆ ಎಂದು ಎಲ್ಲರೂ ಕೇಳುತ್ತಾರೆ. ಏನೂ ಮಾಡಲಿಲ್ಲ. ನಿಮ್ಮ ಹೆಸರನ್ನು ಯಾರಾದರೂ ಪೂರ್ತಿಯಾಗಿ ಕರೆದರೆ ನೀವು ಏನು ಮಾಡುತ್ತೀರೋ ಅದನ್ನೇ ಮಾಡಿದೆ.

"ಓ, ಬಂದೆ," ಎಂದೆ.

ಅಂಗಿಯನ್ನು ಬಿಟ್ಟು ನದಿಗೆ ನಡೆದೆ. ನದಿಯ ನಡುವೆ ಕಾಲು ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ತಿರುಗಲಿಲ್ಲ.

ಅಪ್ಪ ಓಡಿಬಂದ. ಆದರೆ ನದಿಯ ನಡುವಿನ ಹೆಪ್ಪು ಕರೆ ಬಂದವರನ್ನು ಮಾತ್ರ ಹೊರುತ್ತದೆ. ಅವನ ಕಾಲ ಕೆಳಗೆ ಅದು ಬಿರಿಯಿತು, ಸೊಂಟದವರೆಗೆ ನೀರಿಗೆ ಬಿದ್ದವನನ್ನು ಊರವರು ಹಗ್ಗ ಹಾಕಿ ಎಳೆದರು. ಏಣಿ ಮಲಗಿಸಿ ನೋಡಿದರು, ಏಣಿ ಮುಳುಗಿತು. ಅಮ್ಮ ದಡದಲ್ಲಿ ನಿಂತು, "ಗಂಟೇಮನೆ ಮಗಳೇ, ಸಾರು ಆರ್ತಾ ಇದೆ, ಬಾರೇ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಮಾರನೆಯ ದಿನವೂ ಬಂದು ಕೂಗಿದಳು. ಚಳಿಗಾಲವೆಲ್ಲ ದಿನವೂ ಬಂದು ಕೂಗಿದಳು. ನನಗೆ ಕೇಳುತ್ತಿತ್ತು, ಕಾಲು ಮಾತ್ರ ಕೇಳಲಿಲ್ಲ.

ಅಲ್ಲಿ ಚಳಿಯಿಲ್ಲ, ಹಸಿವಿಲ್ಲ. ಆಚೆ ದಡದಲ್ಲಿ ಮಂಜು. ಮಂಜಿನಿಂದ ಆಗಾಗ ಯಾರಾದರೂ ಬರುತ್ತಿದ್ದರು. ಊರವರು ಕಾಣದ ಅವರ ಮುಖಗಳನ್ನು ನಾನು ಕಂಡೆ. ಮುಖದಲ್ಲಿ ಭಯಪಡುವಂಥದ್ದು ಏನೂ ಇರಲಿಲ್ಲ, ನೀರಿನಲ್ಲಿ ಬಹಳ ಹೊತ್ತು ನೆನೆದ ಬೆರಳಿನ ಹಾಗೆ ಬಿಳಿಚಿಕೊಂಡಿದ್ದವು, ಅಷ್ಟೆ. ಅವರು ನನ್ನ ಬಾಯಿಯ ಮುಂದೆ ಅಂಗೈ ಹಿಡಿಯುತ್ತಿದ್ದರು. ನನ್ನ ಉಸಿರಿನ ಹೊಗೆ ಅಂಗೈಗೆ ತಾಕುತ್ತಿತ್ತು. ತಲೆಯಾಡಿಸಿ ವಾಪಸು ಹೋಗುತ್ತಿದ್ದರು. ಬದುಕಿರುವವಳನ್ನು ಅವರು ಸೇರಿಸಿಕೊಳ್ಳುವಂತಿಲ್ಲ. ಪರರ ಮಕ್ಕಳ ಉಸಿರನ್ನು ಅವರು ಮುಟ್ಟುವುದೂ ಇಲ್ಲ. ಮತ್ತೆ ಬರುತ್ತಿದ್ದರು, ಮತ್ತೆ ಅಂಗೈ ಹಿಡಿಯುತ್ತಿದ್ದರು, ಮತ್ತೆ ಹೋಗುತ್ತಿದ್ದರು.

ಇನ್ನೊಂದು ವಿಚಿತ್ರ. ಹೆಪ್ಪಿನ ನಡುವೆ ನಿಂತವರಿಗೆ ಊರಿನ ಮಾತೆಲ್ಲ ಕೇಳುತ್ತದೆ, ಪಿಸುಮಾತು ಕೂಡ. ಹೂವಿನ ಮನೆಯವಳು ನನ್ನ ಬಗ್ಗೆ ಏನಂದಳು, ಅವಳ ಸೊಸೆ ಏನು ಸೇರಿಸಿದಳು, ಎಲ್ಲ ಗೊತ್ತು. ಯಾವನೋ ಕರೆದಿರಬೇಕು, ಇವಳು ಓಡಿರಬೇಕು ಎಂದರು. ಆಮೇಲೆ ಎಷ್ಟೋ ವರ್ಷ ಅವರಿಬ್ಬರೂ ನನ್ನ ಕಣ್ಣು ತಪ್ಪಿಸುತ್ತಿದ್ದರು. ಮುಂದೆ ಹೇಳುವುದನ್ನೆಲ್ಲ ನಾನು ಹೀಗೆ ನಿಂತೇ ಕೇಳಿದೆ.

ಮೇಪಲ್ ಮರಗಳ ಸಿಹಿ ಹಾಲು ಇಳಿಸಲು ಕೊಡ ಕಟ್ಟುವ ಕಾಲ ಬಂತು. ಮರದ ಹಾಲು ಕೊಡಕ್ಕೆ ತೊಟ್ಟಿಕ್ಕುವ ಸದ್ದು ಕೇಳಿದರೆ ಊರಿಗೆ ಸಂಭ್ರಮ, ಚಳಿ ಮುಗಿಯಿತೆಂದು. ಆ ವರ್ಷ ಆ ಸದ್ದು ಕೇಳಿ ಅಮ್ಮ ಕಿವಿ ಮುಚ್ಚಿಕೊಂಡಳು. ಮರದ ಹಾಲು ಇಳಿದ ಮೇಲೆ ಹೆಪ್ಪು ಒಡೆಯುತ್ತದೆ. ಹೆಪ್ಪು ಒಡೆದರೆ ನಾನು ಮುಳುಗುತ್ತೇನೆ, ಆಚೆಗೂ ಇಲ್ಲ, ಈಚೆಗೂ ಇಲ್ಲ.

ಆಗ ದಕ್ಷಿಣದಿಂದ ಅವಳು ಬಂದಳು. ಜಾರುಗಾಡಿಯಲ್ಲಿ ಕೂತು ಬಂದಳು. ಹಿಂದೆ ಕೆಂಪು ಉಣ್ಣೆಯ ನಡುಪಟ್ಟಿಯಿಂದ ಕಟ್ಟಿದ ಒಂದು ತೂಗುಕುರ್ಚಿ. ಗಾಳಿಯಿರಲಿಲ್ಲ, ಕುರ್ಚಿ ತೂಗುತ್ತಿತ್ತು.

"ಖಾಲಿ ಕುರ್ಚಿ ಅಂದಿದ್ಲು," ಗಾಡಿಯವನು ಊರವರಿಗೆ ದೂರು ಹೇಳಿದ. "ಖಾಲೀನಾ ಅಂತ ನನ್ನ ಕುದುರೇನ ಕೇಳಿ."

ದಕ್ಷಿಣದವಳು ಕುರ್ಚಿಯನ್ನು ಬಿಚ್ಚಿ ಇಗರ್ಜಿಯ ಮುಂದೆ ಇಳಿಸಿದಳು. ಅವಳು ಮಾತಾಡಿದ್ದು ನಮ್ಮ ಭಾಷೆಯನ್ನೇ. ನಮ್ಮ ಊರಿಂದ ಎಷ್ಟೋ ಮನೆಗಳವರು ದಕ್ಷಿಣದ ಗಿರಣಿಗಳಿಗೆ ದುಡಿಯಲು ಹೋದವರು. ಅಲ್ಲಿನ ಮೇಸ್ತ್ರಿಗಳಿಗೆ ಇವರ ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ, ತಮಗೆ ತೋಚಿದ ಹೆಸರಿಟ್ಟರು. ಹೆಂಗಸರಿಗೆ ಗಂಡನ ಹೆಸರು ಹಾಕಿದರು, ಅಲ್ಲಿಯ ರೂಢಿ ಅದು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಎಷ್ಟೋ ಜನಕ್ಕೆ ತಮ್ಮ ಹೆಸರು ತಮಗೇ ಮರೆತುಹೋಯಿತು.

"ಅಮ್ಮ ಹೋದ ವರ್ಷ ಬೇಸಿಗೇಲಿ ತೀರಿಕೊಂಡ್ಲು," ಎಂದಳು ದಕ್ಷಿಣದವಳು. "ನಮ್ಮ ಕಡೆ ನದಿ ತಡವಾಗಿ ಹೆಪ್ಪುಗಟ್ಟುತ್ತೆ. ಹೆಪ್ಪುಗಟ್ಟಿದ ದಿನ ಅಪ್ಪ ಹೇಳಿಕೊಟ್ಟ ಹಾಗೇ ದಡದಲ್ಲಿ ನಿಂತು ಕೂಗಿದೆ. ಕುರ್ಚಿ ನಿಲ್ಲಲಿಲ್ಲ. ಇನ್ನೂ ಕೂತಿದ್ದಾಳೆ. ನಾನು ಒಲೆ ಹತ್ರ ಹೋದ್ರೆ ಕುರ್ಚಿ ನನ್ನ ಕಡೆ ತಿರುಗುತ್ತೆ. ಮಲಗಿದ್ರೆ ಹಾಸಿಗೆ ಹತ್ರ ಬಂದಿರುತ್ತೆ. ಅಮ್ಮನನ್ನ ಕಳಿಸಿಕೊಡಿ. ನನ್ನ ಕೈಲಿ ಆಗಲ್ಲ."

"ಏನಂತ ಕೂಗಿದೆ?" ನಮ್ಮಮ್ಮ ಕೇಳಿದಳು.

ದಕ್ಷಿಣದವಳು ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. ದಡಕ್ಕೆ ತರುತ್ತಿದ್ದ ಸಾರಿನ ಪಾತ್ರೆ ಅಮ್ಮನ ಕೈಯಿಂದ ಬಿತ್ತು.

"ಅದು ನಮ್ಮ ಮನೇದು ಕಣೇ! ನೀನು ಕರೆದದ್ದು ನನ್ನ ಮಗಳನ್ನ!"

ಅಮ್ಮ ಅವಳ ತೋಳು ಹಿಡಿದು ದಡಕ್ಕೆ ಎಳೆತಂದು ನನ್ನನ್ನು ತೋರಿಸಿದಳು. ದಕ್ಷಿಣದವಳು ನೋಡಿದಳು. ಬಹಳ ಹೊತ್ತು ನೋಡಿದಳು. ನಾನೂ ಅವಳನ್ನು ನೋಡಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಅವಳ ಮೇಲೆ ಅಂಥ ಸಿಟ್ಟು ಬಂತು, ಕಾಲು ಬಿಡುಗಡೆಯಾಗಿದ್ದರೆ ಓಡಿಹೋಗಿ ಜುಟ್ಟು ಹಿಡಿಯುತ್ತಿದ್ದೆ.

ಊರವರು ಮದುವೆಯಜ್ಜಿಯನ್ನು ಕರೆದುತಂದರು. ನಮ್ಮ ಮದುವೆಗಳಲ್ಲಿ ಗಂಡಿನ ಅಪ್ಪ ಅಮ್ಮ, ಹೆಣ್ಣಿನ ಅಪ್ಪ ಅಮ್ಮ, ನಾಲ್ಕು ಜನ ಯಾವ ಯಾವ ಮನೆಯವರೆಂದು ಹೇಳಿದ ಮೇಲೇ ಉಂಗುರ ತೊಡಿಸುವುದು. ಅದನ್ನೆಲ್ಲ ಕೇಳಿ ನೆನಪಿಡುವುದು ಮದುವೆಯಜ್ಜಿಯ ಕೆಲಸ. ಅವಳಿಗೆ ಮೊದಲು ಅವಳ ಅಜ್ಜಿಗೆ ಆ ಕೆಲಸವಿತ್ತು. ಒಬ್ಬರನ್ನು ಮುಂದೆ ನಿಲ್ಲಿಸಿದರೆ ಅವಳು ಮದುವೆಯಿಂದ ಮದುವೆಗೆ ಹಿಂದಕ್ಕೆ ನಡೆದು ಹಡಗಿನವರೆಗೆ ಹೋಗಿ ಬರುತ್ತಾಳೆ.

"ನಿಮ್ಮಪ್ಪ ಯಾರ ಪೈಕಿ?" ಎಂದಳು ಅಜ್ಜಿ.

"ಗಂಟೆಯವರ ಪೈಕಿ. ತಾತ ಇಲ್ಲಿಂದ ಹೋದವರು."

"ಅಂದ್ರೆ ನೀನು ಕೂಗಿದ್ದು ನಿಮ್ಮಪ್ಪನ ಹೆಸರು. ಅದು ನಿಮ್ಮಮ್ಮನಿಗೆ ಹೇಗಮ್ಮ ಆಗುತ್ತೆ? ಅವಳಿಗೆ ಅವಳಪ್ಪನ ಹೆಸರಿಲ್ವಾ?"

"ನಮ್ಮ ಕಡೆ ಅಮ್ಮನಿಗೆ ಬೇರೆ ಹೆಸರಿದೆ ಅಂತಾನೇ ಯಾರೂ ಹೇಳಲಿಲ್ಲ," ಎಂದಳು ದಕ್ಷಿಣದವಳು. ಅಳುತ್ತಿದ್ದಳು. "ನಾನು ಕೇಳಲೂ ಇಲ್ಲ."

ಅಜ್ಜಿ ತೂಗುಕುರ್ಚಿಯ ಮುಂದೆ ಮಂಡಿಯೂರಿ ಕೂತು, ದಕ್ಷಿಣಕ್ಕೆ ಹೋದ ಮನೆಗಳ ಕರೆಯುವ ಹೆಸರುಗಳನ್ನು ಒಂದೊಂದಾಗಿ ಹೇಳಿದಳು. ಹೂವಿನವರ ಮಗಳೇನಮ್ಮಾ. ಕುರ್ಚಿ ಅದರ ಪಾಡಿಗೆ ತೂಗಿತು. ಚಳಿಗಾಲದವರ ಮಗಳೇನಮ್ಮಾ. ತೂಗಿತು. ಒಳ್ಳೇ ಊಟದವರ ಮಗಳೇನಮ್ಮಾ. ತೂಗಿತು. ಚಿಂತೆಯಿಲ್ಲದವರ ಮಗಳೇನಮ್ಮಾ.

ಕುರ್ಚಿ ಮುಂದಕ್ಕೆ ಬಾಗಿ ಹಾಗೇ ನಿಂತಿತು, ಯಾರೋ ಕಿವಿಗೊಟ್ಟು ಕೂತ ಹಾಗೆ.

ಚಿಂತೆಯಿಲ್ಲದವರ ಮನೆಯಲ್ಲಿ ಉಳಿದಿದ್ದವನು ಒಬ್ಬನೇ, ದೋಣಿ ನಡೆಸುವ ಮುದುಕ. ಮನೆತನದ ಹೆಸರು ಹಾಗಿದ್ದರೂ ಊರಲ್ಲಿ ಅವನಷ್ಟು ಚಿಂತೆ ಮಾಡುವವರು ಇನ್ನೊಬ್ಬರಿಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ. ತಾನು ಸತ್ತರೆ ಕೂಗುವವರು ಯಾರು ಎಂದು ಕಂಡಕಂಡವರ ಹತ್ತಿರ ಗೋಳಾಡುತ್ತಿದ್ದ. ಮನೆಯವರಲ್ಲದವರು ಕೂಗಿದರೆ ಸತ್ತವರು ಏಳುವುದಿಲ್ಲ. ಅವನ ಕುರ್ಚಿ ಮೂಲೆಯಲ್ಲಿ ಮುಖ ಗೋಡೆಗೆ ಮಾಡಿ ನಿಂತಿತ್ತು. ಅದನ್ನು ನೋಡಲಿಕ್ಕೇ ಅವನಿಗೆ ಆಗುತ್ತಿರಲಿಲ್ಲ.

"ಹಡಗಿನ ಹೆಸರು ಹೇಳ್ತೀನಿ," ಎಂದ ದೋಣಿಯವನು. "ಆದ್ರೆ ನೀನೀಗ ನಮ್ಮ ಮನೆ ಮಗಳ ಮಗಳು. ನನ್ನ ರಕ್ತ. ನಾನು ಸತ್ತಾಗ ನೀನು ಕೂಗಬೇಕು. ಎಲ್ಲಿದ್ರೂ ಬಂದು ಕೂಗಬೇಕು. ಮಾತು ಕೊಡು."

"ಕೂಗ್ತೀನಿ ತಾತ. ಎಲ್ಲಿದ್ರೂ ಕೂಗ್ತೀನಿ."

ಮುದುಕ ಅವಳ ಕಿವಿಯಲ್ಲಿ ಹೇಳಿದ. ನನಗೂ ಕೇಳಿತು. ಚೆಂದದ ಹೆಸರು. ಇಲ್ಲಿ ಹೇಳುವುದಿಲ್ಲ.

ಬಿಸಿಲು ಚೆನ್ನಾಗಿತ್ತು. ಊರೆಲ್ಲ ಕುರ್ಚಿಯನ್ನೂ ಹೊತ್ತುಕೊಂಡು ದಡಕ್ಕೆ ಬಂದಿತ್ತು. ಹೆಪ್ಪಿನ ಅಂಚಿನಲ್ಲಿ ನೀರು ಮಿನುಗತೊಡಗಿತ್ತು. ದಕ್ಷಿಣದವಳು ಕುರ್ಚಿಯ ಪಕ್ಕದಲ್ಲಿ ನಿಂತು ತನ್ನ ತಾಯಿಯನ್ನು ತಾಯಿಯ ಹೆಸರಿನಿಂದ ಕೂಗಿದಳು, ಮೊದಲನೆಯ ಸಲ. ಕುರ್ಚಿ ನಿಂತಿತು. ಹೆಪ್ಪಿನ ಮೇಲೆ ಒಬ್ಬ ಮುದುಕಿಯ ಬೆನ್ನು ಕಂಡಿತು ಎಂದು ಊರವರು ಹೇಳುತ್ತಾರೆ. ನಾನು ಮುಖ ಕಂಡೆ. ಬಹಳ ದಿನ ಗಂಟು ಹಾಕಿಕೊಂಡಿದ್ದ ಹುಬ್ಬು ಬಿಚ್ಚಿದಂಥ ಮುಖ. ನನ್ನ ಪಕ್ಕದಲ್ಲೇ ಹಾದುಹೋದಳು. ಉಣ್ಣೆಯ ವಾಸನೆ ಬಂತು.

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕಾಲು ಕದಲಲಿಲ್ಲ.

"ಆ ಕರೆ ಇನ್ನೂ ಹಾಗೇ ಇದೆ," ಎಂದಳು ಮದುವೆಯಜ್ಜಿ. "ಕರೆ ಬಂದ ಮೇಲೆ ಯಾರಾದ್ರೂ ಹೋಗಲೇಬೇಕು. ಅದು ಸುಮ್ಮನೆ ವಾಪಸು ಹೋಗಲ್ಲ." ಆಮೇಲೆ ದಕ್ಷಿಣದವಳ ಕಡೆ ತಿರುಗಿದಳು. "ನಿನ್ನ ಹೆಸರೇನಮ್ಮ?"

ದಕ್ಷಿಣದವಳು ಗಿರಣಿಯೂರಿನ ಒಂದು ಹೆಸರು ಹೇಳಿದಳು.

"ಅದು ನಿನ್ನ ಗಂಡಂದು. ನಿಂದು?"

"ಗಂಡ ಸತ್ತು ಎಷ್ಟೋ ವರ್ಷ ಆಯ್ತು. ಮಕ್ಕಳಿಲ್ಲ. ನಂಗೆ ಬೇರೆ ಹೆಸರು..." ಎನ್ನುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು.

ಅವಳಪ್ಪ ಗಂಟೆಯವರ ಪೈಕಿ. ಹುಟ್ಟಿದಾಗ ಅವಳಿಗಿಟ್ಟದ್ದೂ ಮರಿಯಾ, ಅಲ್ಲಿಯೂ ಆ ಒಂದು ರೂಢಿ ಉಳಿದಿತ್ತು. ನನ್ನ ಹೆಸರೂ ಅವಳ ಹೆಸರೂ ಒಂದೇ. ಬದುಕಿರುವವರಲ್ಲಿ ಆ ಹೆಸರಿನವರು ನಾವಿಬ್ಬರೇ. ಅವಳು ಕೂಗಿದ್ದು ನನ್ನನ್ನು ಮಾತ್ರವಲ್ಲ.

"ಅವತ್ತು ಕೂಗಿದಾಗ," ಎಂದಳು ನಿಧಾನವಾಗಿ, "ನನ್ನ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯ್ತು. ಕಾಯ್ತಾ ಇದ್ದ ಹಾಗಿತ್ತು. ಬೇರೆ ಯಾರನ್ನೋ ಹುಡುಕ್ತಾ ಇದಾರೆ ಅಂದ್ಕೊಂಡೆ. ತಿರುಗಿ ನೋಡಲಿಲ್ಲ."

ಕರೆ ಮೊದಲು ಅವಳ ಹತ್ತಿರವೇ ಹೋಗಿತ್ತು. ಅವಳು ಓಗೊಡಲಿಲ್ಲ. ಆಮೇಲೆ ನದಿ ಹಿಡಿದು ನನ್ನನ್ನು ಹುಡುಕಿಕೊಂಡು ಬಂತು.

ಹೋಗು ಎಂದು ಯಾರೂ ಹೇಳಲಿಲ್ಲ, ಅಮ್ಮ ಕೂಡ. ಇದನ್ನು ಅಮ್ಮನ ಪರವಾಗಿ ಒತ್ತಿ ಹೇಳುತ್ತೇನೆ. ಅಮ್ಮ ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಕೊಡಗಳಿಗೆ ಮರದ ಹಾಲು ತೊಟ್ಟಿಕ್ಕುತ್ತಿತ್ತು. ಎಲ್ಲೋ ಹೆಪ್ಪು ಒಮ್ಮೆ ಗುಡುಗಿತು. ದಕ್ಷಿಣದವಳು ಕುರ್ಚಿಗೆ ಕಟ್ಟಿದ್ದ ಕೆಂಪು ನಡುಪಟ್ಟಿಯನ್ನು ಎತ್ತಿ ಸೊಂಟಕ್ಕೆ ಸುತ್ತಿಕೊಂಡಳು. ತನ್ನೊಳಗೇ ಎಂಬಂತೆ ಒಂದು ಹೆಸರು ಹೇಳಿಕೊಂಡಳು. ನನ್ನ ಹೆಸರು. ಅವಳ ಬಾಯಲ್ಲಿ ಅದು ಹೊಸ ಚಪ್ಪಲಿಯ ಹಾಗೆ ಬಿಗಿಯಾಗಿತ್ತು. ಇನ್ನೊಮ್ಮೆ ಹೇಳಿಕೊಂಡಳು. ಈ ಸಲ ಸರಿಯಾಗಿ ಕೂತಿತು.

"ಓ," ಎಂದಳು. "ಬಂದೆ."

ಹೆಪ್ಪು ಅವಳನ್ನು ಹೊತ್ತಿತು. ಒಂದು ಬಿರುಕೂ ಬಿಡಲಿಲ್ಲ. ಅವಳು ಹತ್ತಿರ ಬಂದಂತೆ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ನಮ್ಮಪ್ಪನ ಮೂಗು ಅವಳಿಗೂ ಇತ್ತು.

"ನಡಿ," ಎಂದಳು. "ನಿಮ್ಮಮ್ಮ ಕಾಯ್ತಿದಾಳೆ."

"ನಿನ್ನನ್ನ ಕೂಗೋರು?"

"ನನ್ನನ್ನ ನಾನೇ ಕೂಗಿ ಆಗಿದೆಯಲ್ಲ."

ನನ್ನ ಕಾಲು ತಿರುಗಿತು. ದಡ ಮುಟ್ಟಿ, ಅಮ್ಮನ ಕೈ ಸಿಕ್ಕ ಮೇಲೆ ಹಿಂದಿರುಗಿ ನೋಡಿದೆ. ಅವಳು ನಾನು ನಿಂತಲ್ಲೇ ನಿಂತಿದ್ದಳು. ಬಾಯಿಂದ ಉಸಿರಿನ ಹೊಗೆ ಬರುತ್ತಿತ್ತು. ಮಂಜಿನಿಂದ ಒಬ್ಬಳು ವಾಪಸು ಬಂದಳು, ಅವಳ ತಾಯಿ. ಮಗಳ ಬಾಯಿಯ ಮುಂದೆ ಅಂಗೈ ಹಿಡಿದಳು. ಬೇರೆಯವರ ಹಾಗೆ ತಲೆಯಾಡಿಸಿ ಹೋಗಲಿಲ್ಲ. ಅಂಗೈಯನ್ನು ಮೆಲ್ಲಗೆ ಬಾಯಿಯ ಮೇಲೆ ಇಟ್ಟಳು, ಅಳುವ ಮಗುವನ್ನು ಸುಮ್ಮನಾಗಿಸುವಂತೆ. ಹೊಗೆ ನಿಂತಿತು. ತಾಯಿ ತನ್ನ ಶಾಲನ್ನು ಮಗಳ ತಲೆಯ ಮೇಲೆ ಎಳೆದಳು. ಇಬ್ಬರೂ ನಡೆದುಹೋದರು. ನನಗೂ ಆಗ ಬೆನ್ನು ಮಾತ್ರ ಕಂಡಿತು.

ಸಂಜೆಯೊಳಗೆ ಹೆಪ್ಪು ಒಡೆಯಿತು. ಅಪ್ಪ ಗಂಟೆ ಹೊಡೆದ, ಯಾಕೆ ಎಂದು ಯಾರೂ ಕೇಳಲಿಲ್ಲ. ಅಮ್ಮ ಬಟಾಣಿ ಸಾರು ಬಿಸಿ ಮಾಡಿ ನನಗೆ ಚಮಚದಲ್ಲಿ ಕುಡಿಸಿದಳು. ಕುಡಿಸುತ್ತ ಬೈದಳು, ಬೈಯುತ್ತ ಅತ್ತಳು. ಹಗ್ಗದ ಮೇಲೆ ಅಪ್ಪನ ಅಂಗಿ ಒಂದೇ ತೋಳಿನಲ್ಲಿ ಚಳಿಗಾಲವೆಲ್ಲ ನೇತಾಡಿತ್ತು. ಅದನ್ನು ತೆಗೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ.

ದೋಣಿಯವನು ಮಾತ್ರ ದಡದಲ್ಲೇ ಕೂತು ಬೈಯುತ್ತಿದ್ದ. "ಮಾತು ಕೊಟ್ಟು ಹೋಗಿಬಿಟ್ಲು. ನನಗೆ ಸಿಕ್ಕಿದ್ದೊಬ್ಳು, ಅವಳೂ ಹೋದ್ಲು." ಆ ವರ್ಷವೆಲ್ಲ ಅದನ್ನೇ ಹೇಳಿದ. ಎಲೆ ಉದುರುವ ಕಾಲಕ್ಕೆ ಸತ್ತ. ಗೋಡೆಗೆ ಮುಖಮಾಡಿದ್ದ ಕುರ್ಚಿ ತಾನಾಗಿ ತಿರುಗಿಕೊಂಡು ತೂಗತೊಡಗಿತು. ನಾನು ದಿನವೂ ಹೋಗಿ ಸಾರು ಇಟ್ಟು ಬರುತ್ತಿದ್ದೆ. ಕುರ್ಚಿ ಜೋರಾಗಿ ತೂಗುತ್ತಿತ್ತು. ಸತ್ತ ಮೇಲೂ ಚಿಂತೆ ಬಿಟ್ಟಿರಲಿಲ್ಲ.

ನದಿ ಹೆಪ್ಪುಗಟ್ಟಿತು. ಕರೆಯುವ ದಿನ ಎಲ್ಲರೂ ತಮ್ಮ ತಮ್ಮವರನ್ನು ಕೂಗಿ ಕಳಿಸಿದರು. ಮನೆಗೆ ಹೊರಟವರು ಚಿಂತೆಯಿಲ್ಲದವರ ಬಾಗಿಲ ಮುಂದೆ ನಿಂತರು. ಒಳಗೆ ಕುರ್ಚಿ ತೂಗುವ ಸದ್ದು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಗ ಆಚೆ ದಡದ ಮಂಜಿನಿಂದ ಒಬ್ಬ ಹೆಂಗಸಿನ ದನಿ ಬಂತು. ಜೋಸೆಫ ಎಂದಿತು, ಆಮೇಲೆ ಆ ಚೆಂದದ ಹೆಸರು ಹೇಳಿತು. ಎಲ್ಲಿದ್ದರೂ ಕೂಗುತ್ತೇನೆ ಎಂದಿದ್ದಳು, ಕೂಗಿದಳು.

ಕುರ್ಚಿ ನಿಂತಿತು. ಬಾಗಿಲು ಎಷ್ಟು ಜೋರಾಗಿ ತೆರೆಯಿತೆಂದರೆ ಕೀಲು ಕಿತ್ತುಬಂತು. ದೋಣಿಯವನ ಬೆನ್ನು ಹೆಪ್ಪಿನ ಮೇಲೆ ಹುಡುಗನ ಹಾಗೆ ಓಡುತ್ತಿತ್ತು.

ಈಗ ನನಗೂ ವಯಸ್ಸಾಗಿದೆ. ನನ್ನ ಮಕ್ಕಳು ಬೆನ್ನ ಹಿಂದೆ ಪಿಸುಗುಟ್ಟುತ್ತಾರೆ, ಅವರಿಗೆ ನನ್ನದೇ ಚಿಂತೆ. ಹಡಗಿನ ಹೆಸರನ್ನು ಒಬ್ಬರಿಗೆ ಒಂದೇ ಸಲ ಕೂಗಬಹುದು, ನನ್ನದನ್ನು ಆಗಲೇ ಕೂಗಿ ಆಗಿದೆ. ಅಮ್ಮ ಕುರ್ಚಿಯಲ್ಲೇ ಉಳಿದುಬಿಟ್ಟರೆ ಏನು ಮಾಡುವುದು ಎನ್ನುತ್ತಾರೆ. ನಾನು ಸುಮ್ಮನೆ ನಗುತ್ತೇನೆ. ಆ ಸಲದ ಕರೆ ನನಗೆ ಬಂದದ್ದಲ್ಲ, ಅವಳಿಗೆ ಬಂದದ್ದು, ಅವಳು ಅದಕ್ಕೆ ಓಗೊಟ್ಟು ಹೋದಳು. ನನ್ನದು ಇನ್ನೂ ಹಾಗೇ ಇದೆ. ಅದನ್ನು ಕೂಗುವವಳು ಆಚೆ ದಡದಲ್ಲಿದ್ದಾಳೆ. ತನ್ನ ಹೆಸರನ್ನು ಅವಳು ಮತ್ತೆ ಮರೆಯುವುದಿಲ್ಲ.

ಹೆಪ್ಪುಗಟ್ಟಿದ ದಿನಗಳಲ್ಲಿ ಬಟ್ಟೆ ಒಣಹಾಕುವಾಗ ಕಿವಿ ಆ ಕಡೆಗೇ ಇರುತ್ತದೆ. ಅವಳು ಕೂಗಿದರೆ ಓಗೊಡುತ್ತೇನೆ. ಆದರೆ ಈ ಸಲ ಅಂಗಿಯ ಎರಡು ತೋಳನ್ನೂ ಹಗ್ಗಕ್ಕೆ ಹಾಕಿ, ಆಮೇಲೆ.